ಗಾಜು ಒರೆಸಿದ್ದು ಸಾಕು, ಮ್ಯಾಟ್ ಎತ್ತಿ ನೋಡಿ

ಪ್ರಶ್ನೆ: ನಮ್ಮದು 2004ರ ಸಣ್ಣ ಕಾರು. ಸಪ್ತಾಪುರದ ಮನೆ ಮುಂದೆ ಗುಲ್‌ಮೊಹರ್ ಮರದ ಕೆಳಗೆ ನಿಲ್ಲಿಸುತ್ತೇವೆ. ಮಳೆ ಹಿಡಿದಾಗಿಂದ ದಿನಾ ಬೆಳಿಗ್ಗೆ ಗಾಜಿನ ಒಳಗಡೆ ಹನಿ ಹನಿ ನೀರು, ಮುಗ್ಗಲು ವಾಸನೆ ಬೇರೆ. ಎಡಗಡೆ ಮುಂದಿನ ಸೀಟಿನ ಕಾಲಬುಡದಲ್ಲಿ ಮ್ಯಾಟ್ ಒದ್ದೆ. ಎಸಿ ಕೆಟ್ಟು ಎರಡು ವರ್ಷ ಆಯ್ತು. ಗ್ಯಾರೇಜಿನವರ ಮಾತು ಕೇಳಿ ನಾಲ್ಕೂ ಬಾಗಿಲಿಗೆ ಹೊಸ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಹಾಕಿಸಿದೆ. ದುಡ್ಡು ಹೋಯ್ತು, ನೀರು ನಿಲ್ಲಲಿಲ್ಲ. ಏನು ಮಾಡಲಿ ಸರ್?
– ಓದುಗರು, ಧಾರವಾಡ

ಉತ್ತರ: ನಿಮ್ಮ ಊರಿನ ಮಳೆ ಗೊತ್ತಲ್ವಾ, ಹುಬ್ಬಳ್ಳಿಯಲ್ಲಿ ಬಿಸಿಲಿದ್ದರೂ ಅಲ್ಲಿ ಜಿಟಿಜಿಟಿ ಹಿಡಿದಿರುತ್ತದೆ. ಆದರೆ ಬರೀ ಥಂಡಿಗೆ ಗಾಜಿನ ಮೇಲೆ ಅಷ್ಟು ಹನಿ ಕೂರುವುದಿಲ್ಲ. ಒಳಗೆಲ್ಲೋ ನೀರು ನಿಂತಿದೆ, ಅದು ಆವಿಯಾಗಿ ತಣ್ಣನೆಯ ಗಾಜಿಗೆ ಅಂಟುತ್ತಿದೆ.

ಎಸಿ ಓಡುತ್ತಿದ್ದರೆ ಮೊದಲ ಅನುಮಾನ ಅದರ ನೀರು ಹೊರಹೋಗುವ ಪೈಪಿನ ಮೇಲೆ, ಕಟ್ಟಿಕೊಂಡರೆ ಇದೇ ಎಡಗಡೆ ಕಾಲಬುಡಕ್ಕೆ ಸುರಿಯುತ್ತದೆ. ನಿಮ್ಮದು ಕೆಟ್ಟಿದೆ, ಆ ಮಾತು ಬಿಡಿ. ಇನ್ನು ಮ್ಯಾಟ್ ಕೆಳಗೆ ಬೆರಳಾಡಿಸಿ ಮೂಸಿ ನೋಡಿ. ಜಿಗುಟಾಗಿ, ಸ್ವಲ್ಪ ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ; ಅದು ಹಾಯುವ ಹೀಟರ್ ಸೋರುತ್ತಿದೆ ಅಂತ ಅರ್ಥ. ಬೆರಳಿಗೆ ಕೆಂಪು ರಾಡಿ ಅಂಟಿತಾ, ಅದು ಹೊರಗಿನ ನೀರೇ.

ನನ್ನ ಅನುಮಾನ ಪೂರ್ತಿ ಆ ಮರದ ಮೇಲೆ. ಬಾನೆಟ್ ಎತ್ತಿ, ಮುಂದಿನ ಗಾಜಿನ ಬುಡದಲ್ಲಿ ವೈಪರ್ ಹತ್ತಿರ ಕಪ್ಪು ಪ್ಲಾಸ್ಟಿಕ್ ಜಾಲರಿ ಇರುತ್ತದಲ್ಲ, ಅದರ ಕೆಳಗೆ ಕೈ ಹಾಕಿ. ಗುಲ್‌ಮೊಹರ್ ಎಲೆ ಎಷ್ಟು ಸಣ್ಣ ಅಂದರೆ ಜಾಲರಿ ದಾಟಿ ಒಳಗಿಳಿದು, ಕೊಳೆತು, ನೆನೆದ ಚಹಾಪುಡಿಯ ಹಾಗೆ ನೀರಿನ ದಾರಿಯನ್ನೇ ಮುಚ್ಚಿಬಿಡುತ್ತದೆ. ಹೊರಹೋಗಲಾಗದ ನೀರು, ಒಳಗೆ ಗಾಳಿ ಊದುವ ಫ್ಯಾನಿನ (ಬ್ಲೋವರ್) ಕಿಂಡಿಯಿಂದ ಒಳಗಿಳಿಯುತ್ತದೆ. ಎಲೆ ಎಲ್ಲ ತೆಗೆದು ಒಂದು ತಂಬಿಗೆ ನೀರು ಹಾಕಿ. ಚಕ್ರದ ಹಿಂದೆ ಸರಾಗ ಸುರಿದರೆ ಆಯ್ತು.

ಆಗಲಿಲ್ಲವಾ? ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿಂದ ಶುರುಮಾಡಿ ನಿಧಾನಕ್ಕೆ ಮೇಲೆ ಹೋಗಿ. ಮೊದಲೇ ಟಾಪ್ ಮೇಲೆ ಸುರಿದರೆ ಎಲ್ಲಾ ಕಡೆ ಒದ್ದೆಯಾಗಿ, ಎಲ್ಲಿಂದ ಬಂತು ಅಂತಲೇ ಗೊತ್ತಾಗುವುದಿಲ್ಲ. ಗಾಜಿನ ರಬ್ಬರ್ ಒಳಬದಿಗೆ ಪೌಡರ್ ಉದುರಿಸಿಟ್ಟರೆ ನೀರಿಳಿದ ಗೆರೆ ಸ್ಪಷ್ಟ ಕಾಣುತ್ತದೆ. ಬಾಗಿಲಿಗೆ ಸ್ಪೀಕರ್ ಹಾಕಿಸಿದ್ದೀರಾ? ಆಗ ಬಾಗಿಲೊಳಗೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ ಹರಿದಿರುವುದೂ ಉಂಟು. ಬೀಡಿಂಗ್ ಹೊಸದಾದರೂ ಆ ನೀರು ನಿಲ್ಲುವುದಿಲ್ಲ.

ಸೋರಿಕೆ ನಿಂತ ಮೇಲೂ ಕಾರ್ಪೆಟ್ ಕೆಳಗಿನ ಫೋಮ್ ಒಣಗದಿದ್ದರೆ ಹನಿ ಹೋಗುವುದಿಲ್ಲ. ಮೇಲೆ ಕೈ ಇಟ್ಟರೆ ಒಣ, ಒತ್ತಿದರೆ ಪಿಚಕ್ ಅಂತ ನೀರು. ಸೀಟು ಬಿಚ್ಚಿ ಕಾರ್ಪೆಟ್ ಹೊರಗೆ ಒಣಹಾಕಿ. ಅಲ್ಲೀವರೆಗೆ ಓಡಿಸುವಾಗ ಹೊರಗಾಳಿ ಬರುವ ಕಡೆ ಲಿವರ್ ಇಟ್ಟು ಹೀಟರ್ ಹಾಕಿ. ಕಾರ್ಪೆಟ್ ವಾಪಸ್ ಹಾಕುವ ಮೊದಲು ತಗಡು ನೋಡಿ. ಜಂಗು ಹಿಡಿದು ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತಿದ್ದರೆ, ನೆಟ್ಟಗೆ ವೆಲ್ಡಿಂಗ್‌ನವರ ಹತ್ತಿರ ಒಯ್ಯಿರಿ.