ಮಗನಿಗೆ ಈಜು ಬರುತ್ತದೆ, ಕಾಲುವೆಗೆ ಬಿಡಬಹುದಾ?

ಬೇಡ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟಾಗ ಸೆಳೆತ ಜಾಸ್ತಿ. ಬಾವಿಯಲ್ಲಿ ಚೆನ್ನಾಗಿ ಈಜುವ ಹುಡುಗನೂ ಇಲ್ಲಿ ಸೋಲುತ್ತಾನೆ. ಸಿಮೆಂಟ್ ಇಳಿಜಾರಿನ ಮೇಲೆ ಪಾಚಿ ಕಟ್ಟಿರುತ್ತದೆ, ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ. ದಡದ ಹತ್ತಿರ ಬಂದರೂ ಹತ್ತಲು ಆಗುವುದಿಲ್ಲ, ಅಲ್ವಾ? ಈಜು ಕಲಿಸಿ, ಖಂಡಿತ ಕಲಿಸಿ. ಆದರೆ ನಿಂತ ನೀರಲ್ಲಿ, ಈಜು ಬಲ್ಲ ದೊಡ್ಡವರು ಜೊತೆಗಿದ್ದಾಗ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ಅರ್ಧ ಬಕೆಟ್ ನೀರೂ ಅವರಿಗೆ ಅಪಾಯ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಒಳಗೆ ಅಡುಗೆ ಮಾಡುತ್ತಾ ಕಿವಿಗೊಟ್ಟು ಕಾಯುವುದು ಸಾಲದು, ಕಣ್ಣೆದುರೇ ಇರಬೇಕು.

ಯಾರಾದರೂ ಬಿದ್ದರೆ ಗೆಳೆಯರು ಹಿಂದೆಯೇ ಹಾರಬಾರದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋಗುವುದು ಹೀಗೆಯೇ. ಹಗ್ಗ, ಸೀರೆ, ಟ್ಯೂಬ್ ಎಸೆಯಲಿ, ಜೋರಾಗಿ ಕೂಗಲಿ. ಇದನ್ನು ಮಕ್ಕಳಿಗೆ ಈಗಲೇ ಹೇಳಿಕೊಡಿ.

ಮೇಲೆ ತೆಗೆದ ಮೇಲೆ ಹೊಟ್ಟೆ ಒತ್ತಬೇಡಿ, ತಲೆಕೆಳಗೆ ಹಿಡಿಯಬೇಡಿ. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಂದ ಉಸಿರು ಕೊಡಿ. ಆಮೇಲೆ 30 ಸಲ ಎದೆ ಒತ್ತಿ, 2 ಸಲ ಉಸಿರು ಕೊಡಿ. ಹೀಗೇ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.