ಶರಾವತಿಯ ಬಳಚು ಎಲ್ಲಿ ಹೋಯ್ತು?

ಪ್ರಶ್ನೆ: ನಮ್ಮದು ಹೊನ್ನಾವರದ ಹತ್ತಿರ, ಶರಾವತಿ ಅಳಿವೆಯ (ಹೊಳೆ ಕಡಲು ಸೇರುವ ಜಾಗದ) ಊರು. ನಮ್ಮಜ್ಜಿ ಇಳಿತದ ಹೊತ್ತಿಗೆ ಹೊಳೆಗಿಳಿದು ಬುಟ್ಟಿ ತುಂಬ ಬಳಚು (ಕೆಸರಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ) ತರ್ತಿದ್ದರಂತೆ. ಈಗ ನಾವು ಅಘನಾಶಿನಿ ಕಡೆಯದನ್ನು ದುಡ್ಡು ಕೊಟ್ಟು ತರುತ್ತೇವೆ. ಕೊಳಚೆ ನೀರು ಸೇರಿದ್ದೇ ಇದಕ್ಕೆ ಕಾರಣವಾ? ಕಡಲೂ ಮನೆ ಕಡೆಗೇ ಬರುತ್ತಿದೆ. ಎರಡಕ್ಕೂ ಸಂಬಂಧ ಇದೆಯಾ?

ಉತ್ತರ: ಕೊಳಚೆ ಒಳ್ಳೆಯದು ಮಾಡಿಲ್ಲ, ನಿಜ. ಆದರೆ ದೊಡ್ಡ ಕಾರಣ ಬೇರೆ. ನಿಮ್ಮ ಹೊಳೆ ಸಿಹಿಯಾಗಿಬಿಟ್ಟಿದೆ.

ಬಳಚಿಗೆ ಉಪ್ಪು ಬೆರೆತ ನೀರು ಬೇಕು. ಹಿಂದೆ ಬೇಸಿಗೆಯಲ್ಲಿ ಹೊಳೆ ಸಣ್ಣಗಾಗುತ್ತಿತ್ತು, ಭರತ ಬಂದಾಗ ಕಡಲ ನೀರು ಬಹಳ ಮೇಲಿನವರೆಗೂ ಏರುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯದು. ಮಳೆಗಾಲದ ನೀರನ್ನು ಹಿಡಿದಿಟ್ಟು, ಕರೆಂಟ್ ತೆಗೆದು, ಬೇಸಿಗೆಯಲ್ಲೂ ಬಿಡುತ್ತಾರೆ. ಉಪ್ಪುನೀರು ಮೇಲೇರಲು ಜಾಗವೇ ಇಲ್ಲ. ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಇಳಿತದಲ್ಲಿ ಅಲ್ಲಿಗೆ ಹೋಗಿ ನೋಡಿ: ಸೊಂಟದ ನೀರಲ್ಲಿ ನಿಂತು, ಕಾಲಲ್ಲಿ ಕೆಸರು ತಡಕಿ ಬಳಚು ಹೆಕ್ಕುತ್ತಿರುತ್ತಾರೆ. ಆ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ, ಸೇರಿತು. ಪಟ್ಟಿಗಿಂತ ಆ ಬುಟ್ಟಿಗಳೇ ನನಗೆ ದೊಡ್ಡ ಸಾಕ್ಷಿ.

ಇನ್ನು ಕಡಲ ಕೊರೆತ. ಇದಕ್ಕೂ ಹೊಳೆಗೂ ನಂಟಿದೆ. ತೀರದ ಮರಳಲ್ಲಿ ಒಂದು ಪಾಲು ಹೊಳೆ ತಂದು ಹಾಕಿದ್ದು. ಅಣೆಕಟ್ಟಿನ ಹಿಂದೆ ಒಂದಷ್ಟು ಮರಳು ನಿಂತಿತು, ಉಳಿದಿದ್ದರಲ್ಲಿ ಸಾಕಷ್ಟು ಲಾರಿ ಹತ್ತಿತು. ತೀರಕ್ಕೆ ಬರುವುದು ಕಡಿಮೆ, ಹೋಗುವುದು ಮಾತ್ರ ಮೊದಲಿನಷ್ಟೇ. ಕಲ್ಲಿನ ಗೋಡೆ ಹಾಕಿದರೆ ಹಿಂದಿನ ಮನೆ ಕೆಲವು ವರ್ಷ ಉಳಿಯಬಹುದು. ಆದರೆ ಅಲೆ ಕಲ್ಲಿಗೆ ಬಡಿದು ಬುಡದ ಮರಳನ್ನೇ ಎಳೆಯುತ್ತದೆ, ಗೋಡೆ ಮುಗಿದಲ್ಲಿ ಪಕ್ಕದವರ ಜಾಗ ಕೊರೆಯುತ್ತದೆ.

ಹಾಗಂತ ಜೂನ್‌ನಲ್ಲಿ ತೀರ ಸವೆದದ್ದೆಲ್ಲ ಕೊರೆತವಲ್ಲ. ಮಳೆಗಾಲದಲ್ಲಿ ಕಡಲು ಒಯ್ದ ಮರಳನ್ನು ಆಮೇಲೆ ಮೆಲ್ಲಗೆ ವಾಪಸ್ ಕೊಡುತ್ತದೆ. ಮನೆಯ ಮೂಲೆಯಿಂದ ದಂಡೆಯ ಅಂಚಿನವರೆಗೆ ಪ್ರತಿ ವರ್ಷ ಜನವರಿಯಲ್ಲಿ ಹಗ್ಗ ಹಿಡಿದು ಅಳೆಯಿರಿ, ಫೋಟೊ ತೆಗೆದಿಡಿ. ಮೂರು ನಾಲ್ಕು ವರ್ಷ ಸತತ ಕಮ್ಮಿಯಾದರೆ ಆ ಲೆಕ್ಕ ಹಿಡಿದೇ ಪಂಚಾಯ್ತಿಗೆ ಹೋಗಿ. ಸುಮ್ನೆ ‘ಕಡಲು ಬಂತು’ ಅಂದರೆ ಎರಡು ಲೋಡು ಕಲ್ಲು ತಂದು ಸುರಿದು ಹೋಗ್ತಾರೆ, ಅಷ್ಟೇ.

ಬಳಚು ಕೊಳ್ಳುವಾಗ ಎಲ್ಲಿ ಹೆಕ್ಕಿದ್ದು ಅಂತ ಕೇಳಿ. ಅದು ನೀರು ಸೋಸಿ ತಿನ್ನುವ ಜೀವಿ, ಚರಂಡಿ ಬಾಯಿ ಹತ್ತಿರದ್ದು ಬೇಡ.