ಮಕ್ಕಳಿಗೆ ಬರೆದವರು ಅರ್ಧ ಸಾಹಿತಿಗಳೇ?

ಪತ್ರ: ಕಳೆದ ಸಂಚಿಕೆಯಲ್ಲಿ ಅಜರ್‌ಬೈಜಾನಿನ ಅಬ್ದುಲ್ಲಾ ಶಾಯಿಗ್ ಎಂಬವರಿಗೆ ಎರಡು ಪುಟ ಕೊಟ್ಟಿದ್ದೀರಿ. ನರಿ, ಹುಳ ಅಂತ ಮಕ್ಕಳಿಗೆ ನೀತಿಪದ್ಯ ಬರೆದವರಿಗೆ ಇಷ್ಟು ಜಾಗ ಬೇಕಿತ್ತೇ? ಆ ದೇಶದ ದೊಡ್ಡ ಸಾಹಿತಿಗಳನ್ನು ಪರಿಚಯಿಸಬಹುದಿತ್ತು.
– ನಿವೃತ್ತ ಅಧ್ಯಾಪಕರು, ಹಾಸನ

ಉತ್ತರ: ಮೇಷ್ಟ್ರೇ, ನೀತಿಪಾಠದ ಮಾತು ಒಪ್ಪಿದೆ. ಶಾಯಿಗರಲ್ಲಿ ಅಲ್ಲಲ್ಲಿ ಉಪದೇಶ ಜಾಸ್ತಿ. ಸೋವಿಯತ್ ಕಾಲದಲ್ಲಿ ಬರೆದವರಾದ್ದರಿಂದ ಸರ್ಕಾರದ ತಾಳಕ್ಕೂ ಕುಣಿಯಬೇಕಿತ್ತು. ಇಷ್ಟನ್ನು ನಿಮಗೆ ಬಿಟ್ಟುಕೊಟ್ಟೆ. ಆದರೆ ಆ ‘ದೊಡ್ಡ ಸಾಹಿತಿ’ ಅನ್ನೋದಿದೆಯಲ್ಲ, ಅದನ್ನು ಸುಮ್ನೆ ಬಿಡಲಾರೆ.

ಶಾಯಿಗ್ 1881ರಲ್ಲಿ ಈಗಿನ ಜಾರ್ಜಿಯಾದ ಟಿಬಿಲಿಸಿಯಲ್ಲಿ, ಧರ್ಮಪಂಡಿತರ ಮನೆಯಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಇರಾನಿನ ಮಶ್ಹದ್‌ನಲ್ಲಿ ಓದಿದರು. 1901ರಲ್ಲಿ ಬಾಕುವಿಗೆ, ಅಂದರೆ ಈಗಿನ ಅಜರ್‌ಬೈಜಾನಿನ ರಾಜಧಾನಿಗೆ, ಬಂದು ಮೇಷ್ಟ್ರಾದರು. ಹೌದು, ನಿಮ್ಮದೇ ಕಸುಬು! ಆಗ ಜಗತ್ತಿನ ಅರ್ಧದಷ್ಟು ಕಚ್ಚಾ ಎಣ್ಣೆ ಆ ಒಂದು ಊರಿನ ಬಾವಿಗಳಿಂದಲೇ ಬರುತ್ತಿತ್ತು. ಗಡಿಯಾಚೆಯ ಇರಾನಿನಿಂದ ಬಡವರು ಕೂಲಿಗೆ ಬಂದು ಅಲ್ಲೇ ಸಾಯುತ್ತಿದ್ದರು. 1908ರಲ್ಲಿ ಶಾಯಿಗ್ ಅಂಥ ಒಬ್ಬನ ಕಥೆ ಬರೆದರು, ‘ಪತ್ರ ತಲುಪಲಿಲ್ಲ’ ಅಂತ. ಗುರ್ಬಾನ್ ಎಂಬ ಕೂಲಿ ಊರಿಗೆ ಕಾಗದ ಬರೆಸುತ್ತಾನೆ. ಅದು ಮನೆ ಸೇರುವ ಮೊದಲೇ ಎಣ್ಣೆಬಾವಿ ಅವನನ್ನು ನುಂಗುತ್ತದೆ. ಇದನ್ನು ಬರೆದದ್ದು ನಿಮ್ಮ ನರಿಪದ್ಯದವರೇ. ಕಾದಂಬರಿ ಬರೆದರು, ಹನ್ನೆರಡನೇ ಶತಮಾನದ ಕವಿ ನಿಜಾಮಿಯ ಪರ್ಷಿಯನ್ ಕಾವ್ಯವನ್ನು ತಮ್ಮ ಅಜರ್‌ಬೈಜಾನಿ ಭಾಷೆಗೆ ತಂದರು. ದೊಡ್ಡವರಿಗೆ ಬರೆಯಲು ಬಾರದೆ ಮಕ್ಕಳ ಕಡೆ ತಿರುಗಿದವರಲ್ಲ.

ಹಾಗಾದರೆ ಯಾಕೆ ತಿರುಗಿದರು? ಊರು ಆಗ ಝಾರ್, ಅಂದರೆ ರಷ್ಯದ ಚಕ್ರವರ್ತಿಯ, ಆಡಳಿತದಲ್ಲಿತ್ತು. ರಷ್ಯನ್ನಿನದೇ ಜೋರು. ತಾಯ್ನುಡಿಯಲ್ಲಿ ಮಕ್ಕಳ ಕೈಗೆ ಕೊಡಲು ಪುಸ್ತಕಗಳೇ ಕಡಿಮೆ. ಮೇಷ್ಟ್ರು ತಾವೇ ಬರೆಯಲು ಕೂತರು. 1910ರಲ್ಲೊಂದು, 1912ರಲ್ಲೊಂದು ಪಠ್ಯಪುಸ್ತಕ. ಜೊತೆಗೆ ಪದ್ಯ, ನಾಟಕ. ಹಜ್ ಯಾತ್ರೆಗೆ ಹೊರಟೆನೆಂದು ಭಕ್ತನ ವೇಷ ಹಾಕುವ ನರಿ ಹುಟ್ಟಿದ್ದು ಆಗಲೇ. ಧರ್ಮಪಂಡಿತರ ಮಗ ಬರೆದ ಪದ್ಯ ಇದು, ಗಮನಿಸಿ. ಇಷ್ಟು ಧೈರ್ಯ ಎಷ್ಟು ದೊಡ್ಡ ಸಾಹಿತಿಗಳಿಗಿದೆ?

ಇನ್ನೊಂದು ಸಂಗತಿ ಕೇಳಿ. ಅವರು ಬರೆಯಲು ಶುರುಮಾಡಿದ್ದು ಅರಬ್ಬಿ ಲಿಪಿಯಲ್ಲಿ. 1920ರ ದಶಕದಲ್ಲಿ ಲ್ಯಾಟಿನ್ ಬಂತು. 1940ರ ಹೊತ್ತಿಗೆ ಅದೂ ಹೋಗಿ ಸಿರಿಲಿಕ್. 1959ರಲ್ಲಿ ಶಾಯಿಗ್ ತೀರಿಕೊಂಡರು. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ದೇಶ ಬಿಡುಗಡೆಯಾದ ಮೇಲೆ ಮತ್ತೆ ಲ್ಯಾಟಿನ್. ಅಜ್ಜ ಕಲಿತ ಅಕ್ಷರ ಮೊಮ್ಮಗನಿಗೆ ಬಾರದು. ಹಾಗಿದ್ದೂ ಆ ನರಿ ಎಲ್ಲ ಲಿಪಿಗಳನ್ನೂ ದಾಟಿ ಬಂತು. ಮಕ್ಕಳ ಬಾಯಲ್ಲಿರುವ ಪದ್ಯಕ್ಕೆ ಯಾವ ಲಿಪಿಯಾದರೇನು? ಬಾಕುವಿನ ಸರ್ಕಾರಿ ಗೊಂಬೆಯಾಟದ ರಂಗಮಂದಿರಕ್ಕೆ ಅವರದೇ ಹೆಸರಿಟ್ಟಿದ್ದಾರೆ.

ನಮ್ಮಲ್ಲಿ ನೋಡಿ. ಪಂಜೆ ಮಂಗೇಶರಾಯರೂ ಮೇಷ್ಟ್ರೇ, ಶಾಯಿಗರಿಗಿಂತ ಏಳು ವರ್ಷ ಹಿರಿಯರು. ನಾಗರಹಾವಿನ ಪದ್ಯ ಬಾಯಿಪಾಠ ಬರುವವರಿಗೂ ಬರೆದವರ ಹೆಸರು ಕೇಳಿದರೆ ತಡವರಿಕೆ. ಮಕ್ಕಳಿಗಾಗಿ ಚೆನ್ನಾಗಿ ಬರೆಯುವ ಗೆಳೆಯರೊಬ್ಬರನ್ನು ಪ್ರಕಾಶಕರು ಕೇಳಿದರಂತೆ: “ಇದೆಲ್ಲ ಸರಿ, ಸೀರಿಯಸ್ಸಾಗಿ ಬರೆಯೋದು ಯಾವಾಗ?” ಅಂಗಡಿಗೆ ಹೋದರೆ ಮಕ್ಕಳ ಪುಸ್ತಕ ಆಟಿಕೆಗಳ ಪಕ್ಕ, ಕೆಳಗಿನ ಕಪಾಟಿನಲ್ಲಿ. ವಿಚಾರಗೋಷ್ಠಿಯಲ್ಲಿ ಮಕ್ಕಳ ಸಾಹಿತ್ಯಕ್ಕೆ ಊಟವಾದ ಮೇಲಿನ ಸಮಯ, ಸಭೆ ತೂಕಡಿಸುವ ಹೊತ್ತು. ಆಮೇಲೆ ಅದೇ ವೇದಿಕೆಯಲ್ಲಿ “ಕನ್ನಡ ಓದುವವರೇ ಇಲ್ಲ” ಅಂತ ಗೋಳು. ಏಳು ವರ್ಷದವರ ಕೈಗೆ ಪುಸ್ತಕ ಕೊಡದೆ ಇಪ್ಪತ್ತೇಳರಲ್ಲಿ ಓದುಗರು ಬೇಕು ಅಂದರೆ ಎಲ್ಲಿಂದ ತರೋಣ? ಇಷ್ಟು ವರ್ಷ ತರಗತಿಯಲ್ಲಿ ನಿಂತ ನಿಮಗೆ ಇದನ್ನು ನಾನು ಹೇಳಬೇಕೇ?

ಅಂದಹಾಗೆ, ಮುಂದಿನ ಸಂಚಿಕೆಯಲ್ಲಿ ಮಕ್ಕಳ ಪುಸ್ತಕಗಳ ವಿಮರ್ಶೆಗೆ ನಾಲ್ಕು ಪುಟ ಇಟ್ಟಿದ್ದೇವೆ. ಬೈಯಬೇಕು ಅನ್ನಿಸಿದರೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಹಾಕುತ್ತೇವೆ.

– ಸಂಪಾದಕ